ಸಂಜೆ ಪಂಕ್ತಿಯ ಕುರ್ಚಿ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಹೋಗುವವರು ಜಾತಕಕ್ಕಿಂತ ಮೊದಲು ಪಂಕ್ತಿ ಕೇಳುತ್ತಾರೆ. ಹುಡುಗಿ ಬೆಳಗಿನ ಪಂಕ್ತಿಯವಳೋ, ಸಂಜೆ ಪಂಕ್ತಿಯವಳೋ? ಹುಡುಗನದು ಬೆಳಗಿನದಾಗಿ ಅವಳದು ಸಂಜೆಯದಾದರೆ ಮಾತು ಅಲ್ಲಿಗೇ ಮುಗಿಯಿತು. ನೋಡಲು ಹೋದರೂ ಹುಡುಗಿ ನಿದ್ದೆ ಮಾಡುತ್ತಿರುತ್ತಾಳೆ. ಉಪ್ಪಿಟ್ಟು ತಿಂದು, ಮಲಗಿದವಳ ಪಕ್ಕದಲ್ಲಿ ಒಂದು ಹೂವಿಟ್ಟು ಎದ್ದು ಬರಬೇಕು ಅಷ್ಟೆ. ನನ್ನ ಮದುವೆಯಲ್ಲಿ ಆ ತೊಡಕು ಬರಲಿಲ್ಲ. ನಾನೂ ಶ್ರೀಪತಿಯವರೂ ಬೆಳಗಿನ ಪಂಕ್ತಿಯವರೇ. ತೊಡಕು ಶುರುವಾದದ್ದು ಮಗಳು ಹುಟ್ಟಿದ ಮೇಲೆ.

ಊರು ಎಂದೆನಲ್ಲ, ನಮ್ಮದು ಹಡಗು. ನಮ್ಮ ಅಜ್ಜಂದಿರು ಹತ್ತು ದಿನದ ವಿಹಾರಕ್ಕೆಂದು, ಊಟ ತಿಂಡಿ ಎಲ್ಲ ಸೇರಿದ ಟಿಕೆಟ್ಟು ತೆಗೆದುಕೊಂಡು ಹತ್ತಿದವರು. ಹತ್ತನೆಯ ದಿನ ಬಂದರು ಬರಲಿಲ್ಲ. 'ನಾಳೆ ಬಂದರು' ಎಂದು ಮೆಟ್ಟಿಲ ಬಳಿ ತೂಗುಹಾಕಿದ ಹಲಗೆಗೆ ಈಗಲೂ ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ. ಬಂದರಿನ ಚಿಂತೆ ಯಾರಿಗೂ ಇದ್ದಂತಿಲ್ಲ, ಆದರೆ ಟಿಕೆಟ್ಟಿನ ಹಿಂದೆ ಅಚ್ಚಾದ ಸೌಲಭ್ಯಗಳಲ್ಲಿ ಒಂದನ್ನಾದರೂ ನಮ್ಮ ಜನ ಬಿಟ್ಟುಕೊಟ್ಟಿದ್ದರೆ ಹೇಳಿ. ಹತ್ತಿದ ದಿನ ಒಂದು ಸಲ ಕೊಡಬೇಕಾಗಿದ್ದ ಸ್ವಾಗತದ ಪಾನಕವನ್ನು ಇವತ್ತಿಗೂ ದಿನಾ ಊಟದ ಮನೆಯ ಬಾಗಿಲಲ್ಲಿ ಕೊಡಬೇಕು. ದಿಂಬಿನ ಮೇಲೆ ಒಂದು ಪೆಪ್ಪರಮಿಂಟು ಇಡಬೇಕು. ಬಾಳೆಹಣ್ಣು ಬುಟ್ಟಿಗಟ್ಟಲೆ ಪುಕ್ಕಟೆ ಸಿಗುತ್ತದೆ, ಆದರೂ ಕೈಚೀಲದಲ್ಲಿ ಎರಡು ಅಡಗಿಸಿಕೊಂಡು ಹೋಗದಿದ್ದರೆ ನಮ್ಮ ಹೆಂಗಸರಿಗೆ ಊಟ ಮಾಡಿದ ಹಾಗಾಗುವುದಿಲ್ಲ. ಗಂಡಸರೋ, ಎದ್ದ ಕೂಡಲೇ ಮುಖವನ್ನೂ ತೊಳೆಯದೆ ಮೇಲಕ್ಕೆ ಓಡಿ, ಡೆಕ್ಕಿನ ಕುರ್ಚಿಗೆ ತಮ್ಮ ಕರವಸ್ತ್ರ ಹಾಸಿ ಬರುತ್ತಾರೆ. ಆಮೇಲೆ ದಿನವಿಡೀ ಅಲ್ಲಿಗೆ ಹೋಗುವುದಿಲ್ಲ, ಅದು ಬೇರೆ ಮಾತು.

ಸೌಲಭ್ಯವೆಂದರೆ ಅದನ್ನು ಯಾರಾದರೂ ಮಾಡಿಕೊಡಬೇಕಲ್ಲ. ಹಾಗಾಗಿ ನಮ್ಮಲ್ಲಿ ಎಲ್ಲರೂ ಪ್ರಯಾಣಿಕರು, ಎಲ್ಲರಿಗೂ ಒಂದೊಂದು ಕೆಲಸ. ಶ್ರೀಪತಿಯವರು ದಿನದ ಕಾರ್ಯಕ್ರಮದ ಹಾಳೆ ಬರೆದು ಬಾಗಿಲುಗಳ ಸಂದಿಯಲ್ಲಿ ತೂರಿಸುತ್ತಾರೆ. ಊಟಕ್ಕೆ ಏನು ಸಾರು, ಯಾವ ಮಹಡಿಯಲ್ಲಿ ಹೌಸಿ ಆಟ, ಈಜುಕೊಳದ ನೀರು ಬದಲಾಯಿಸುವುದು ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿರುತ್ತದೆ. ನಾನು ಟವೆಲ್ ಮಡಿಸುವವಳು. ಒಗೆದ ಟವೆಲ್ಲನ್ನು ಸುತ್ತಿ ತಿರುವಿ ಆನೆ, ಹಂಸ, ಆಮೆ ಮಾಡಿ ಹಾಸಿಗೆಯ ಮೇಲೆ ಕೂರಿಸುವುದು. ಕೋತಿ ಮಾಡುವುದು ಕಷ್ಟ, ಅದು ನನಗೆ ಮಾತ್ರ ಬರುತ್ತದೆ ಎಂಬ ಜಂಬ ನನಗಿತ್ತು.

ಊಟದ ಮನೆಯಲ್ಲಿ ಇರುವುದು ಮುನ್ನೂರು ಕುರ್ಚಿ, ಊರಿನಲ್ಲಿರುವುದು ಆರುನೂರು ಜನ. ಆದ್ದರಿಂದ ಎರಡು ಪಂಕ್ತಿ. ಪ್ರತಿಯೊಬ್ಬರಿಗೂ ಒಂದು ಪಂಕ್ತಿ ಚೀಟಿ ಇರುತ್ತದೆ, ಚೀಟಿ ಯಾವ ಪಂಕ್ತಿಯದೋ ಎಚ್ಚರವೂ ಆ ಪಂಕ್ತಿಯದೇ. ಬೆಳಗಿನ ಜಾವ ನಾಲ್ಕಕ್ಕೆ ದೊಡ್ಡ ಗಂಟೆ ಹನ್ನೆರಡು ಪೆಟ್ಟು ಹೊಡೆಯುತ್ತದೆ. ಸಂಜೆಯವರು ಮಲಗುತ್ತಾರೆ, ನಾವು ಏಳುತ್ತೇವೆ. ಸಂಜೆ ನಾಲ್ಕಕ್ಕೆ ಮತ್ತೆ ಹನ್ನೆರಡು ಪೆಟ್ಟು. ನಾವು ಮಲಗುತ್ತೇವೆ, ಅವರು ಏಳುತ್ತಾರೆ. ಮಲಗುವವರ ಕಣ್ಣು ನಾಲ್ಕನೆಯ ಪೆಟ್ಟಿಗೆ ಮುಚ್ಚುತ್ತದೆ, ಏಳುವವರ ಕಣ್ಣು ಎಂಟನೆಯ ಪೆಟ್ಟಿಗೆ ತೆರೆಯುತ್ತದೆ. ನಡುವಿನ ನಾಲ್ಕು ಪೆಟ್ಟು ಯಾರು ಹೊಡೆಯುತ್ತಾರೆ ಎಂದು ನನ್ನನ್ನು ಕೇಳಬೇಡಿ. ಒಂದೇ ಕೋಣೆಯಲ್ಲಿ ಎರಡೂ ಪಂಕ್ತಿಯವರು ಇರುವ ಮನೆಗಳು ಬೇಕಾದಷ್ಟಿವೆ. ನಮ್ಮದೂ ಹಾಗೇ ಇತ್ತು. ನಮ್ಮ ಅತ್ತೆ ಭಾಗೀರಥಮ್ಮನವರು ಸಂಜೆ ಪಂಕ್ತಿಯವರು. ನಾನು ಆ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷ ಅವರ ಜೊತೆ ಒಂದು ಮಾತೂ ಆಡಲಿಲ್ಲ. ಇಷ್ಟು ಹೊಂದಿಕೊಂಡ ಅತ್ತೆ ಸೊಸೆ ಇಡೀ ಹಡಗಿನಲ್ಲಿ ಇಲ್ಲ ಎಂದು ಶ್ರೀಪತಿಯವರು ನಗುತ್ತಿದ್ದರು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕನ್ನಡಿಯ ಅಂಚಿಗೆ ಸಿಕ್ಕಿಸುತ್ತಿದ್ದೆವು.

ಮಗು ಹುಟ್ಟಿ ಹನ್ನೆರಡನೆಯ ದಿನಕ್ಕೆ ಪಂಕ್ತಿ ಚೀಟಿ ಬರೆಯಲೇಬೇಕು. ಊಟದ ಮನೆಯ ಪಾರುಪತ್ಯಗಾರ ಜನಾರ್ದನಯ್ಯ ದಪ್ಪ ಪುಸ್ತಕ ಹಿಡಿದುಕೊಂಡು ನಾಮಕರಣಕ್ಕೆ ಬಂದ. ಪುಟ ತಿರುವಿದ, ಕನ್ನಡಕ ತೆಗೆದು ಒರೆಸಿದ. ಅವನು ಕನ್ನಡಕ ಒರೆಸಿದರೆ ಒಳ್ಳೆಯ ಸುದ್ದಿಯಲ್ಲ ಎಂದು ಎಲ್ಲರಿಗೂ ಗೊತ್ತು.

"ಬೆಳಗ್ಗೆ ಕುರ್ಚಿ ಇಲ್ವಲ್ಲಮ್ಮಾ ಚಂಪಕಾ" ಎಂದ. "ನಿಮ್ಮತ್ತೆಯವರ ಮೇಜಲ್ಲೇ ಒಂದು ಖಾಲಿ ಇದೆ, ಸಂಜೆ ಪಂಕ್ತೀದು. ಅಜ್ಜಿ ಮೊಮ್ಮಗಳು ಒಟ್ಟಿಗೆ ಊಟ ಮಾಡ್ತಾರೆ ಬಿಡಿ."

"ಕುರ್ಚಿ ಯಾಕೆ ಬೇಕು? ನಾನು ತೊಡೆ ಮೇಲೆ ಕೂರಿಸ್ಕೊಂಡು ಉಣ್ಣಿಸ್ತೀನಿ" ಎಂದೆ.

"ತೊಡೆ ಮೇಲೆ ಎಷ್ಟು ವರ್ಷ ಕೂರಿಸ್ತೀರಿ?"

"ಎಷ್ಟು ವರ್ಷ ಆದ್ರೂ ಕೂರಿಸ್ತೀನಿ."

ಅವನು ಶ್ರೀಪತಿಯವರ ಮುಖ ನೋಡಿದ. ಅವರು ನೆಲ ನೋಡಿದರು. ಚೀಟಿಯಲ್ಲಿ 'ಸಂಜೆ' ಎಂದು ಬರೆದದ್ದೇ ತಡ, ನನ್ನ ಮಡಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕೂಸು ಕಣ್ಣು ಮುಚ್ಚಿತು. ಅತ್ತೆ ಮುಂಚೆಯೇ ಚೀಟಿ ಬರೆದಿಟ್ಟಿದ್ದರು: 'ನಮ್ಮ ಪಂಕ್ತಿಗೆ ಬಂದರೆ ಕುಮುದ ಎಂದು ಹೆಸರಿಡಿ.' ಹಾಗೇ ಇಟ್ಟೆವು.

ಆಮೇಲಿನ ಹದಿನಾಲ್ಕು ವರ್ಷ ನಾನು ಮಗಳ ಕಣ್ಣು ನೋಡಲಿಲ್ಲ. ನಿದ್ದೆಯಲ್ಲಿದ್ದ ಕೂಸಿಗೆ ನಾನು ಎದೆ ಕೊಡುತ್ತಿದ್ದೆ. ನಾನು ನಿದ್ದೆಯಲ್ಲಿದ್ದಾಗ ಅತ್ತೆ ಅವಳನ್ನು ತಂದು ನನ್ನ ಮಗ್ಗುಲಲ್ಲಿ ಮಲಗಿಸಿ ಕುಡಿಸುತ್ತಿದ್ದರು. ಎದ್ದಾಗ ರವಿಕೆ ಒದ್ದೆಯಾಗಿರುತ್ತಿತ್ತು, ಅಷ್ಟರಿಂದ ನನಗೆ ತಿಳಿಯುತ್ತಿತ್ತು. ಕನ್ನಡಿಯ ಅಂಚಿನಲ್ಲಿ ಅತ್ತೆಯ ಚೀಟಿ ಇರುತ್ತಿತ್ತು. 'ಇವತ್ತು ಮಗುಚಿಕೊಂಡಳು.' 'ಇವತ್ತು ಒಂಬತ್ತು ಹೆಜ್ಜೆ ಇಟ್ಟಳು, ಕಿಟಕಿಯಿಂದ ನಿನ್ನ ಮಂಚದವರೆಗೆ.' ಆ ದಿನ ನಾನು ಕಿಟಕಿಯಿಂದ ಮಂಚದವರೆಗೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ನೋಡಿದೆ. ನನಗೆ ಹದಿನಾಲ್ಕು ಬೇಕಾಯಿತು. ಅತ್ತೆ ಎಣಿಸುವುದರಲ್ಲಿ ತಪ್ಪಿದ್ದರೋ, ನನ್ನ ಮಗಳು ಓಡಿ ಬಂದಿದ್ದಳೋ, ಯಾರನ್ನು ಕೇಳುವುದು?

ಅವಳು ಅಕ್ಷರ ಕಲಿತ ಮೇಲೆ ಚೀಟಿ ಅವಳೇ ಬರೆಯತೊಡಗಿದಳು. ನಾನು ಒಂದು ಪುಟ ಬರೆದಿಟ್ಟರೆ ಅದರ ಬೆನ್ನಿಗೆ ಒಂದು ಸಾಲು. 'ಊಟ ಆಯಿತು ಅಮ್ಮ. ಲಾಡು ಚೆನ್ನಾಗಿತ್ತು.' 'ಗಣಿತದಲ್ಲಿ ಎಂಬತ್ತು ಬಂತು. ನೀವು ಆರೋಗ್ಯ ನೋಡಿಕೊಳ್ಳಿ.' ಅಕ್ಷರ ದುಂಡಗೆ, ತಪ್ಪಿಲ್ಲದೆ, ಪಾರುಪತ್ಯದ ಆಫೀಸಿಗೆ ಕೊಟ್ಟ ಅರ್ಜಿಯಂತೆ ಇರುತ್ತಿತ್ತು. ಆದರೆ ನಾನು ಎದ್ದಾಗಲೆಲ್ಲ ನನ್ನ ತಲೆ ಬಾಚಿರುತ್ತಿತ್ತು. ಒಂದು ದಿನ ಎರಡು ಜಡೆ, ಒಂದು ದಿನ ನಾಲ್ಕು ಕಾಲಿನ ಹೆಣಿಗೆ, ಒಂದು ದಿನ ಉಗುರಿಗೆಲ್ಲ ಕೆಂಪು ಬಣ್ಣ. ಚೀಟಿಯಲ್ಲಿ ಅಷ್ಟು ಗಂಭೀರವಾಗಿರುವವಳು ನನ್ನ ತಲೆಯ ಮೇಲೆ ಮಾತ್ರ ಇಷ್ಟು ಆಟ ಆಡುತ್ತಾಳಲ್ಲ ಎಂದು ನಾನು ಆ ಜಡೆ ಬಿಚ್ಚದೆ ಕೆಲಸಕ್ಕೆ ಹೋಗುತ್ತಿದ್ದೆ. ಟವೆಲ್ ಮನೆಯ ಹೆಂಗಸರು ನಗುತ್ತಿದ್ದರು, ನಗಲಿ.

ನನ್ನನ್ನು ಕೊರೆಯುತ್ತಿದ್ದದ್ದು ಅವಳ ದನಿ. ಮೊದಲ ಹನ್ನೆರಡು ದಿನದ ಅಳು ಬಿಟ್ಟರೆ ಹೆತ್ತ ಮಗಳ ದನಿ ನಾನು ಕೇಳಿರಲಿಲ್ಲ. ಒಂದೇ ಒಂದು ಸಲ, ಐದು ವರ್ಷದವಳಿದ್ದಾಗ, ನಿದ್ದೆಯಲ್ಲಿ 'ಬೇಡ' ಎಂದಳು. ಆ ಎರಡಕ್ಷರ ಇಟ್ಟುಕೊಂಡು ಎಷ್ಟು ದಿನ ಕಳೆದೆನೋ! ಸಂಜೆ ನಾಲ್ಕರ ಗಂಟೆಗೆ ಅವಳ ಮಂಚದ ಪಕ್ಕ ಕೂತು, ಕಣ್ಣು ಕಿತ್ತು ಹೋಗುವಷ್ಟು ಅಗಲಿಸಿಕೊಂಡು, ಎಂಟನೆಯ ಪೆಟ್ಟಿನವರೆಗೆ ತಡೆಯಬೇಕೆಂದು ಹಟ ಹಿಡಿಯುತ್ತಿದ್ದೆ. ನಾಲ್ಕನೆಯ ಪೆಟ್ಟಿಗೇ ಅಲ್ಲೇ ಒರಗಿಬಿಡುತ್ತಿದ್ದೆ. ಬೆಳಗಿನ ಜಾವ ಎದ್ದಾಗ ನನ್ನ ಮಂಚದಲ್ಲಿರುತ್ತಿದ್ದೆ, ಯಾರೋ ಎಳೆದು ಮಲಗಿಸಿ ಹೊದಿಸಿರುತ್ತಿದ್ದರು.

"ನಮ್ಮಮ್ಮನ ದನಿ ನಾನೂ ಕೇಳಿಲ್ಲ ಚಂಪಾ" ಎನ್ನುತ್ತಿದ್ದರು ಶ್ರೀಪತಿ. "ನಮ್ಮ ಸೋದರತ್ತೆ ಸಾಕಿದ್ರು. ಏನಾಯ್ತು ಈಗ? ಚೆನ್ನಾಗೇ ಇದೀನಲ್ಲ."

"ನೀವು ಚೆನ್ನಾಗಿದೀರ ಅಂತ ನಿಮಗೆ ಹೇಳಿದ್ದು ಯಾರು?" ಎಂದು ನಾನು ಕೇಳುತ್ತಿದ್ದೆ. ಅವರು ನಕ್ಕು ಹಾಳೆ ಹಂಚಲು ಹೋಗುತ್ತಿದ್ದರು.

ಭಾಗೀರಥಮ್ಮನವರು ಹೋದದ್ದು ನಿದ್ದೆಯಲ್ಲಿ, ನಮ್ಮ ತಿಂಡಿಯ ಹೊತ್ತಿನಲ್ಲಿ. ನಾನು ಹೊದಿಕೆ ಸರಿಪಡಿಸಲು ಹೋದಾಗ ಕೈ ತಣ್ಣಗಿತ್ತು. ಸಂಜೆ ಪಂಕ್ತಿಯವರ ದೇಹವನ್ನು ಅವರ ಪಂಕ್ತಿ ಏಳುವವರೆಗೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಸಮುದ್ರಕ್ಕೆ ಬಿಡುವುದು ಅವರ ಜನವೇ. ಶ್ರೀಪತಿ ತಾಯಿಯ ಪಾದದ ಬಳಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ನನಗೆ ಅಳುವುದಕ್ಕೂ ಬಿಡುವಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಕುಮುದ ನಿಶ್ಚಿಂತೆಯಿಂದ ಮಲಗಿದ್ದಳು. ನಾಲ್ಕು ಗಂಟೆಗೆ ಅವಳು ಕಣ್ಣು ಬಿಡುತ್ತಾಳೆ, ಸಾಕಿದ ಅಜ್ಜಿ ಸತ್ತಿರುತ್ತಾರೆ, ಹೆತ್ತವರಿಬ್ಬರೂ ಕೊರಡಿನ ಹಾಗೆ ಮಲಗಿರುತ್ತೇವೆ. ಆ ಹೊತ್ತಿಗೆ ಅವಳ ಹೆಗಲ ಮೇಲೆ ಕೈ ಇಡಲು ನಾನಿರುವುದಿಲ್ಲ. ಎಷ್ಟೋ ಚೀಟಿ ಬರೆದೆ, ಹರಿದೆ. ಗಂಟೆಗೆ ಐದು ನಿಮಿಷ ಇದ್ದಾಗ ಉಳಿದದ್ದು ಇಷ್ಟು: 'ಕುಮುದಾ, ಅಜ್ಜಿ ಹೋದರು. ಅಮ್ಮ ಇಲ್ಲೇ ಇದ್ದೇನೆ.' ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿ ಮಲಗಿದೆ.

ಎದ್ದಾಗ ಅತ್ತೆಯ ಹಾಸಿಗೆ ಖಾಲಿಯಾಗಿತ್ತು, ನೆಲ ಒರೆಸಿತ್ತು. ಕುಮುದ ಮಲಗಿದ್ದಳು, ಕಣ್ಣಿನ ಸುತ್ತ ಊದಿತ್ತು. ನನ್ನ ಚೀಟಿಯ ಬೆನ್ನಿಗೆ ಬರೆದಿದ್ದಳು: 'ಎಲ್ಲ ಮುಗಿಯಿತು ಅಮ್ಮ. ಅಪ್ಪನಿಗೆ ಧೈರ್ಯ ಹೇಳಿ. ಊಟ ಬಿಡಬೇಡಿ.'

ಆ ಚೀಟಿ ಹಿಡಿದುಕೊಂಡೇ ನಾನು ಜನಾರ್ದನಯ್ಯನ ಬಳಿಗೆ ಹೋದೆ. ಅತ್ತೆಯ ಕುರ್ಚಿ ನನಗೆ ಬೇಕು ಎಂದೆ. ಅವನು ಕನ್ನಡಕ ಒರೆಸಿದ.

"ಜೀವಮಾನದಲ್ಲಿ ಒಂದೇ ಸಲ ಬದಲಾಯಿಸೋದು, ಗೊತ್ತಲ್ಲಮ್ಮಾ? ಆಮೇಲೆ ವಾಪಸ್ ಬರ್ತೀನಿ ಅಂತ ಬಂದ್ರೆ ನಾನೇನೂ ಮಾಡಕ್ಕಾಗಲ್ಲ. ಯಜಮಾನರನ್ನ ಕೇಳಿದೀರಾ?"

ಕೇಳಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಕೂತಾಗ ಹೇಳಿದೆ. ಹದಿನಾರು ವರ್ಷ ಎದುರುಬದುರು ಕೂತು ಉಂಡವರು ನಾವು. ಸಾರಿಗೆ ಉಪ್ಪು ಹೆಚ್ಚಾದರೆ ಅವರ ಹುಬ್ಬು ಎಷ್ಟು ಮೇಲೇರುತ್ತದೆ ಎಂಬುದು ನನಗೆ ಅಡುಗೆಯವನಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು.

"ಇನ್ಮೇಲೆ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದರು.

"ಚೀಟಿ ಬರೆದಿಡಿ. ಉತ್ತರ ಬರೀತೀನಿ."

"ನೀನು ಚೀಟೀಲಿ ಜಗಳ ಆಡಕ್ಕೆ ಲಾಯಕ್ಕಿಲ್ಲ ಕಣೇ. ಬಾಯಿ ಇದ್ರೇನೇ ನೀನು." ನಗಲು ನೋಡಿದರು, ಆಗಲಿಲ್ಲ. "ಹೋಗು ಚಂಪಾ. ಅವಳ ದನಿ ಹೇಗಿದೆ ಅಂತ ಬರೆದು ತಿಳಿಸು. ನಮ್ಮಮ್ಮನ ಥರ ಇದೆಯಾ ಅಂತ ಅಲ್ಲಿ ಯಾರನ್ನಾದ್ರೂ ಕೇಳಿ ಬರಿ" ಎಂದರು. ನಾಲ್ಕರ ಗಂಟೆಯಿಂದ ಜಾರಿಯಾಗುವಂತೆ ನನ್ನ ಚೀಟಿಯಲ್ಲಿ 'ಸಂಜೆ' ಎಂದು ಬರೆಸಿಕೊಂಡು ಬಂದೆ. ಆ ದಿನ ನಾಲ್ಕಕ್ಕೆ ಶ್ರೀಪತಿ ನನ್ನ ಕೈ ಹಿಡಿದುಕೊಂಡೇ ಮಲಗಿದರು. ಅವರ ಕಣ್ಣು ಮುಚ್ಚುವುದನ್ನು ನಾನು ನೋಡಿದೆ, ನನ್ನ ಕಣ್ಣು ಮುಚ್ಚಲಿಲ್ಲ. ಒಳ್ಳೆಯ ಗಂಡನನ್ನು ಬಿಟ್ಟು ಬಂದೆ ಎಂಬ ಸಂಕಟ ಆಗಲೇ ಶುರುವಾಯಿತು, ಸುಳ್ಳು ಹೇಳುವುದಿಲ್ಲ.

ಎಂಟನೆಯ ಪೆಟ್ಟಿಗೆ ಕುಮುದ ಕಣ್ಣು ಬಿಟ್ಟಳು. ನಾನು ಅಂದುಕೊಂಡಿದ್ದಕ್ಕಿಂತ ತಿಳಿಯಾದ ಕಂದು ಕಣ್ಣು, ಎಡಗಣ್ಣಿನ ಬಿಳಿಯಲ್ಲಿ ಒಂದು ಸಣ್ಣ ಚುಕ್ಕೆ. ನನ್ನನ್ನು ನೋಡಿ ಅವಳು ತಟ್ಟನೆ ಎದ್ದು ಕೂತು ಲಂಗ ಸರಿಮಾಡಿಕೊಂಡಳು.

"ಎದ್ದಿದೀರಾ ಅಮ್ಮ?" ಎಂದಳು.

ದನಿ ಸ್ವಲ್ಪ ದಪ್ಪ, ಮಾತಿನ ಕೊನೆಯಲ್ಲಿ ಕೊಂಚ ಒಡೆದ ಹಾಗೆ. ಹೋಗಿ ತಬ್ಬಿಕೊಂಡೆ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟು, ಯಾರೋ ನೆಂಟರು ಅಳುವಾಗ ಸಮಾಧಾನ ಮಾಡುವಂತೆ ಎರಡು ಸಲ ತಟ್ಟಿದಳು.

ಸಂಜೆ ಪಂಕ್ತಿಯೇ ಬೇರೆ ಲೋಕ. ನಾನು ಹುಟ್ಟಿದ ಮೇಲೆ ಸೂರ್ಯ ಮುಳುಗುವುದನ್ನು ನೋಡಿದ್ದು ಆವತ್ತೇ. ಸಮುದ್ರಕ್ಕೆ ಬೆಂಕಿ ಬಿತ್ತೆಂದು ಕೂಗಿಕೊಂಡು ನಗೆಪಾಟಲಾದೆ. ಅವರು ತಿಂಡಿಗೆ ಐದಕ್ಕೆ ಕೂರುತ್ತಾರೆ, ಊಟದ ನಡುವೆ ಗಟ್ಟಿಯಾಗಿ ಮಾತಾಡುತ್ತಾರೆ, ಬಾಳೆಹಣ್ಣಿನ ಬದಲು ಬನ್ನು ಕದಿಯುತ್ತಾರೆ. ನಮ್ಮ ಮೇಜಿನಲ್ಲಿ ತುಂಗಕ್ಕ ಎಂಬ ವಿಧವೆ ಇದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಕೈಚೀಲ ತೆರೆದರೆ ಬನ್ನಿನ ಅಂಗಡಿ. ನಾನು ಅವರ ಜೊತೆ ಹೆಚ್ಚು ಮಾತಾಡಲಿಲ್ಲ. ನನ್ನ ಕಣ್ಣೆಲ್ಲ ಮಗಳ ಮೇಲೆ. ಏನು ಓದಿದೆ? ಯಾರು ನಿನ್ನ ಗೆಳತಿಯರು? ಅಜ್ಜಿ ನೆನಪಾಗುತ್ತಾರಾ? ಆ ಲಂಗ ಯಾರು ಹೊಲಿದದ್ದು? ಅವಳು ತಾಳ್ಮೆಯಿಂದ ಎಲ್ಲದಕ್ಕೂ ಒಂದೊಂದು ಮಾತಿನ ಉತ್ತರ ಕೊಡುತ್ತಿದ್ದಳು. ಬಾಯಿ ತೆರೆದು ಚೀಟಿ ಓದಿದ ಹಾಗೆ ಇರುತ್ತಿತ್ತು.

ಅವರ ಪಂಕ್ತಿಯ ಒಂದು ಅಭ್ಯಾಸ ನನಗೆ ಅರ್ಥವಾಗಿರಲಿಲ್ಲ. ತಿಂಡಿ ಮುಗಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಒಬ್ಬೊಬ್ಬರಾಗಿ ಕೋಣೆಗಳಿಗೆ ಹೋಗುತ್ತಿದ್ದರು. ಎಲ್ಲಿಗೆ ಎಂದರೆ "ಹೇಳಿ ಬರ್ತೀವಿ" ಎನ್ನುತ್ತಿದ್ದರು. ಅರ್ಧ ಗಂಟೆಗೆ ಮುಖ ತೊಳೆದುಕೊಂಡು ಬರುತ್ತಿದ್ದರು. ಕೆಲವರ ಕಣ್ಣು ಕೆಂಪಗಿರುತ್ತಿತ್ತು, ಕೆಲವರು ಹಗುರಾಗಿರುತ್ತಿದ್ದರು. ಡೆಕ್ಕು ಆ ಹೊತ್ತಿಗೆ ಬಿಕೋ ಎನ್ನುತ್ತಿತ್ತು. ಕುಮುದ ಮಾತ್ರ ಎಲ್ಲಿಗೂ ಹೋಗದೆ ಕಂಬಿ ಹಿಡಿದುಕೊಂಡು ನೀರು ನೋಡುತ್ತ ನಿಲ್ಲುತ್ತಿದ್ದಳು. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಿಲ್ಲ ಮಗುವಿಗೆ ಎಂದು ನಾನು ಹಿಗ್ಗಿದೆ. ಹೌಸಿ ಆಡೋಣ ಬಾ, ಕೊಳಕ್ಕೆ ಹೋಗೋಣ ಬಾ ಎಂದು ಎಳೆದುಕೊಂಡು ತಿರುಗಿದೆ. ಅವಳು ಬರುತ್ತಿದ್ದಳು. ಇಪ್ಪತ್ತು ದಿನ ಹೀಗೇ ನಡೆಯಿತು. ಅವಳು ಇಳಿಯುತ್ತ ಹೋದಳು. ಗಲ್ಲದ ಮೂಳೆ ಕಾಣತೊಡಗಿತು, ತಟ್ಟೆಯಲ್ಲಿ ಬಡಿಸಿದ್ದು ಅರ್ಧ ಉಳಿಯತೊಡಗಿತು.

"ಅಜ್ಜಿ ಕೊರಗು" ಎಂದೆ ನಾನು ತುಂಗಕ್ಕನ ಹತ್ತಿರ, ಕುಮುದ ಕೈ ತೊಳೆಯಲು ಹೋಗಿದ್ದಾಗ.

ತುಂಗಕ್ಕ ಬನ್ನು ಚೀಲಕ್ಕೆ ಹಾಕುತ್ತಿದ್ದವರು ನಿಲ್ಲಿಸಿದರು. "ಅದೊಂದೇ ಆಗಿದ್ರೆ ಹೇಗೋ ತಡ್ಕೋತಿತ್ತಮ್ಮ ಮಗು. ಪಾಪ, ಒಂದೇ ವಾರದಲ್ಲಿ ಅಜ್ಜೀನೂ ಹೋದ್ರು, ಅಮ್ಮಾನೂ ಎದ್ಬಿಟ್ರು."

ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ಅವರಿಗೂ ಗೊತ್ತಾಯಿತು. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು.

"ನಿಮ್ಮ ಬೆಳಗಿನವರಲ್ಲಿ ಇದಿಲ್ಲ ಅಂತ ಕೇಳಿದೀನಿ. ಮಲಗಿರೋರ ಹತ್ರ ನೀವು ಮಾತಾಡಲ್ವಂತೆ."

"ಇಲ್ಲ. ಹೊದಿಸ್ತೀವಿ, ಸದ್ದು ಮಾಡ್ದೆ ಬರ್ತೀವಿ."

"ನಾವು ಹೇಳ್ಕೋತೀವಿ. ಒಬ್ಬೊಬ್ಬರಿಗೆ ಒಬ್ಬೊಬ್ಬರು. ನನಗೆ ನನ್ನ ತಂಗಿ ಇದಾಳೆ, ಮೂರನೇ ಮಹಡೀಲಿ. ಇದುವರೆಗೂ ನಾನು ಅವಳ ಹತ್ರ ಎಷ್ಟು ಅತ್ತಿದೀನೋ ಅವಳಿಗೆ ಗೊತ್ತಿಲ್ಲ. ನಿಮ್ಮ ಮಗಳಿಗೆ ನೀವಿದ್ರಿ. ಮಾತು ಬಂದಾಗಿಂದ್ಲೂ. ತಿಂಡಿ ಆಯ್ತು ಅಂದ್ರೆ ಓಡೋಳು. ನಾನು ಎಷ್ಟೋ ಸಲ ಬಾಗಿಲ ಹತ್ರ ಹೋಗ್ತಾ ಕೇಳಿದೀನಿ, ಒಳಗೆ ನಗು, ಹಾಡು, ಜಗಳ. ನಿಮ್ಮ ತಲೆ ಬಾಚ್ತಾ ಎಲ್ಲಾ ಹೇಳೋಳು. ಭಾಗೀರಥಮ್ಮನವರಿಗೂ ಹೇಳದೇ ಇದ್ದಿದ್ದು."

"ಈಗ ನಾನು ಎದ್ದೇ ಇದೀನಲ್ಲ! ಈಗ ಹೇಳಬಹುದಲ್ಲ ನನಗೆ!"

ತುಂಗಕ್ಕ ನನ್ನ ಕೈ ಮೇಲೆ ಕೈ ಇಟ್ಟರು. "ಎದ್ದಿರೋರಿಗೆ ಹೇಗಮ್ಮ ಹೇಳೋದು?"

ಅವಳು ಅಪ್ಪನ ಹತ್ತಿರವಾದರೂ ಹೇಳಿಕೊಳ್ಳಬಾರದೇ ಎಂದು ಕೇಳಿದೆ. ಅಪ್ಪ ಗೊರಕೆ ಹೊಡೆಯುತ್ತಾರೆ, ಅದೂ ಅಲ್ಲದೆ ಒಮ್ಮೆ ಆರಿಸಿಕೊಂಡವರನ್ನು ಬಿಟ್ಟು ಬೇರೆಯವರ ಮುಂದೆ ಬಾಯಿ ಬರುವುದಿಲ್ಲ ಎಂದರು ತುಂಗಕ್ಕ. ಗಂಡ ಸತ್ತಾಗಲೂ ತಾವು ಅತ್ತದ್ದು ತಂಗಿಯ ಮುಂದೆ ಮಾತ್ರವಂತೆ.

ನಾನು ಜನಾರ್ದನಯ್ಯನಿಗೆ ಚೀಟಿ ಬರೆದಿಟ್ಟೆ, ವಾಪಸ್ಸು ಕಳಿಸು ಎಂದು. ಹದಿನಾಲ್ಕು ವರ್ಷ ಬೇಡಿಕೊಂಡದ್ದನ್ನು ಕೈಗೆ ಬಂದ ಇಪ್ಪತ್ತು ದಿನಕ್ಕೆ ತೆಗೆದುಕೋ ಎಂದು ಬರೆಯುವಾಗ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಹೇಳಲಾರೆ. ಅವನ ಉತ್ತರ ಒಂದೇ ಸಾಲು: 'ಒಂದೇ ಸಲ ಎಂದು ಹೇಳಿದ್ದೆ, ಕ್ಷಮಿಸಿ.' ಶ್ರೀಪತಿಯವರಿಗೆ ಏನನ್ನೂ ತಿಳಿಸಲಿಲ್ಲ. ಮಗಳ ದನಿ ಥೇಟು ನಿಮ್ಮ ತಾಯಿಯದೇ, ಇಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಬರೆದೆ. ಯಾರನ್ನೂ ಕೇಳಿರಲಿಲ್ಲ.

ಮಾರನೆಯ ದಿನ ತಿಂಡಿ ಮುಗಿಯಿತು. ಜನ ಒಬ್ಬೊಬ್ಬರಾಗಿ ಏಳತೊಡಗಿದರು. ಕುಮುದ ಕಂಬಿಯ ಕಡೆ ಹೊರಟಳು.

"ನನಗ್ಯಾಕೋ ಕಣ್ಣು ಎಳೀತಿದೆ ಕಣೇ" ಎಂದೆ. "ಸ್ವಲ್ಪ ಮಲಗ್ತೀನಿ."

ತಮ್ಮ ಪಂಕ್ತಿಯ ಎಚ್ಚರದ ಹೊತ್ತಿನಲ್ಲಿ ನಿದ್ದೆ ಯಾರಿಗೂ ಬರುವುದಿಲ್ಲ. ಕಾಯಿಲೆ ಬಿದ್ದವರಿಗೂ ಬರುವುದಿಲ್ಲ. ಇದು ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಿರುಗಿ ನೋಡದೆ ಕೋಣೆಗೆ ಬಂದೆ. ಶ್ರೀಪತಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಅವರ ಪಕ್ಕ, ನನ್ನ ಹಳೆಯ ಜಾಗದಲ್ಲಿ, ಬಲಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿದೆ. ನಾನು ನಿದ್ದೆಯಲ್ಲಿ ಹೇಗಿರುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಬಾಯಿ ತೆರೆದಿರುತ್ತದೋ, ಕೈ ಎಲ್ಲಿರುತ್ತದೋ. ಅದು ಗೊತ್ತಿದ್ದವಳು ಅವಳೊಬ್ಬಳೇ.

ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಬಾಗಿಲು ಸದ್ದಾಯಿತು. ಅವಳು ಹೊಸ್ತಿಲಲ್ಲೇ ನಿಂತಿದ್ದಳು, ಉಸಿರು ಕೇಳಿಸುತ್ತಿತ್ತು. ಹಿಂದಕ್ಕೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಹತ್ತಿರ ಬಂದು, ಕ್ಷಣ ತಡೆದು, ನನ್ನ ಎಡಗೈಯನ್ನು ಎತ್ತಿ ಕೆನ್ನೆಯ ಕೆಳಗೆ ಇಟ್ಟಳು. ಅದು ಅಲ್ಲಿರಬೇಕಾಗಿತ್ತು ಎಂದು ಕಾಣುತ್ತದೆ. ಆಮೇಲೆ ಮಂಚದ ಅಂಚಿಗೆ ಕೂತಳು.

"ಅಮ್ಮಾ" ಎಂದಳು. ಇಪ್ಪತ್ತು ದಿನದಲ್ಲಿ ನಾನು ಕೇಳಿದ ದನಿಯೇ ಅಲ್ಲ ಅದು. "ಅಮ್ಮಾ, ನಿಂಗೆ ಎಷ್ಟು ಹೇಳೋದಿದೆ ಗೊತ್ತಾ? ನಮ್ಮ ಮೇಜಿಗೆ ಹೊಸಬರು ಒಬ್ಬರು ಬಂದಿದಾರೆ ಕಣೇ. ಥೇಟ್ ನಿನ್ನ ಥರಾನೇ ಇದಾರೆ. ಒಳ್ಳೆಯವರೇ. ಆದ್ರೆ ಇಡೀ ದಿನ ನನ್ನನ್ನೇ ನೋಡ್ತಿರ್ತಾರೆ. ನಾನು ಏನು ಹೇಳಿದ್ರೂ ಅವರ ಮುಖ ಏನೋ ಆಗ್ಬಿಡುತ್ತೆ. ಅದಕ್ಕೇ ನಂಗೆ ಏನೂ ಹೇಳಕ್ಕಾಗಲ್ಲ. ಅವರು ನನಗೋಸ್ಕರ ಅಪ್ಪನ್ನೂ ಬಿಟ್ಟು ಬಂದಿದಾರಂತೆ. ನಾನು ಕೇಳಿದ್ನಾ ಬಾ ಅಂತ? ನಾನು ಕೇಳಿರ್ಲಿಲ್ಲ ಅಮ್ಮಾ."

ಶ್ರೀಪತಿಯ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಅಜ್ಜೀನ ನೀರಿಗೆ ಬಿಟ್ಟಾಗ ಸದ್ದೇ ಆಗ್ಲಿಲ್ಲ. ಅವತ್ತು ಬಂದು ನಿಂಗೆ ಅರ್ಧ ಹೇಳಿದ್ದೆ. ಇನ್ನರ್ಧ ನಾಳೆ ಹೇಳ್ತೀನಿ ಅಂದಿದ್ದೆ. ನಾಳೆ ಎದ್ರೆ ನೀನೇ ಇಲ್ಲ."

ಅವಳ ಹಣೆ ನನ್ನ ತೋಳಿಗೆ ಬಂದು ತಾಗಿತು. ಅಳುತ್ತಿದ್ದಳು. ಮೈಯೆಲ್ಲ ಅಲುಗುವಂತೆ, ಹದಿನಾಲ್ಕು ವರ್ಷದ ಹುಡುಗಿ ಅಳುವ ಹಾಗಲ್ಲ, ಎರಡು ವರ್ಷದ ಕೂಸು ಅಳುವ ಹಾಗೆ. ಅವಳು ಎರಡು ವರ್ಷದವಳಾಗಿದ್ದಾಗ ಅತ್ತದ್ದನ್ನು ನಾನು ಕೇಳಿರಲಿಲ್ಲ. ನನ್ನ ತೋಳು ಒದ್ದೆಯಾಯಿತು. ಎದ್ದು ಎದೆಗೆ ಅವಚಿಕೊಳ್ಳಲು ನನ್ನ ಎರಡು ಕೈಯೂ ಹಾತೊರೆಯುತ್ತಿದ್ದವು.

"ಅಮ್ಮಾ, ಕೇಳಿಸ್ತಿದೆಯಾ?" ಎಂದಳು.

ನಾನು ಮಲಗಿದವರ ಹಾಗೆ ನಿಧಾನವಾಗಿ ಉಸಿರು ಒಳಗೆ ಎಳೆದುಕೊಂಡೆ, ನಿಧಾನವಾಗಿ ಬಿಟ್ಟೆ.